ಪದ್ಮಣ್ಣನ ಕಂಪ್ಯೂಟರ್ ಹಗುರಾದ ಸಂಜೆ

ಸಾಗರದಲ್ಲಿ ಟೈಪಿಂಗ್ ಕಲಿಸುತ್ತಿದ್ದ ಪದ್ಮಣ್ಣ ಕೂತಿದ್ದನ್ನು ಕಂಡವರು ಮೂರು ತಾಲ್ಲೂಕಿನಲ್ಲೂ ಇರಲಿಲ್ಲ. ಹೊಸನಗರವಿರಲಿ, ತೀರ್ಥಹಳ್ಳಿಯಿರಲಿ, ಎಲ್ಲಿ ಟೈಪ್‌ರೈಟರ್ ಕೆಟ್ಟರೂ ಸ್ಕ್ರೂಡ್ರೈವರಿನ ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದ. ಒಮ್ಮೆ ಹೊಳೆಬಾಗಿಲಿನಲ್ಲಿ ಲಾಂಚು ನಿಧಾನವೆಂದು ಅದರೊಳಗೇ ಹಿಂದಿನಿಂದ ಮುಂದಕ್ಕೆ ನಡೆದು, ನಮಗಿಂತ ಕಾಲು ಗಂಟೆ ಮೊದಲೇ ಆಚೆ ದಡ ಸೇರಿದ. ನಂಬದಿದ್ದರೆ ಬಿಡಿ, ಅವನ ಕೊಡೆ ನನ್ನ ಕೈಯಲ್ಲೇ ಇತ್ತು.

ಅಂಥವನ ಮನೆಗೆ ಎಂಬತ್ತೆಂಟನೇ ಇಸವಿಯಲ್ಲಿ ಒಂದು ಹಳೇ ಕಂಪ್ಯೂಟರ್ ಬಂತು. ಶಿವಮೊಗ್ಗದಲ್ಲಿ ಕಲಿತು ಬಂದ ಮಗಳು ಯಶೋಧಾ, ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತೇನೆಂದು ಹಟ ಹಿಡಿದಿದ್ದಳು. ಬೇಡವಾದರೆ ಹತ್ತು ದಿನದೊಳಗೆ ವಾಪಸ್ ತನ್ನಿ ಎಂದಿದ್ದ, ಮಾರಿದವನು. ಒಂಬತ್ತನೇ ದಿನವಾದರೂ ಪತ್ರ ಬರೆಯುವ ಪ್ರೋಗ್ರಾಂ ಒಮ್ಮೆಯೂ ತೆರೆದಿರಲಿಲ್ಲ.

"ಇವತ್ತು ಹೊತ್ತು ಮುಳುಗೋದ್ರೊಳಗೆ ಒಂದು ಪತ್ರ ಟೈಪ್ ಆದ್ರೆ ಕೋಣೆ ನಿಂದು. ಇಲ್ದಿದ್ರೆ ನಾಳೆ ಮೊದಲ ಬಸ್ಸಿಗೆ ಇದು ವಾಪಸ್," ಅಂದ ಪದ್ಮಣ್ಣ.

ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಪದ್ಮಣ್ಣನ ತಾಯಿ ಜಿನಮ್ಮನಿಗೆ ಇನ್ನೊಂದು ನೇಮವೂ ಇತ್ತು. ಮನೆಯೊಳಗೆ ಒಂದು ಸಾಮಾನು ಬಂದರೆ ಒಂದು ಹೊರಗೆ ಹೋಗಬೇಕು. ಕಂಪ್ಯೂಟರ್ ಬಂದ ದಿನವೇ ಮಗನ ಆರಾಮ ಕುರ್ಚಿಯನ್ನು ದಾನ ಮಾಡಿದ್ದರು. ಹೇಗೂ ಅವನು ಕೂರುವವನಲ್ಲವಲ್ಲ.

ಮಾರಿದವನು ಫ್ಲಾಪಿಯಲ್ಲಿ, ಕಂಪ್ಯೂಟರ್ ಹಾಕಿದೊಡನೆ ಮೂಡುವ ಚಿತ್ರದ ಪರದೆಯೊಂದನ್ನು ಕೊಟ್ಟಿದ್ದ. ಕಸದ ಬುಟ್ಟಿ, ಕಪಾಟು, ಮೂಲೆಯಲ್ಲೊಂದು ಗಡಿಯಾರ. ಅದು ಮೂಡುವಷ್ಟರಲ್ಲಿ ನಾನು ನಿಟ್ಟೂರಿಗೆ ಹೋಗಿ ಮದುವೆ ಉಂಡು ಬಂದಿದ್ದೆ; ಬಂದು ನೋಡಿದರೆ ಗಡಿಯಾರಕ್ಕಿನ್ನೂ ಒಂದೇ ಮುಳ್ಳು!

"ಮೆಮೊರಿಯೆಲ್ಲ ಈ ಚಿತ್ರಗಳೇ ತಿಂತಾವೆ ಅಪ್ಪಯ್ಯ. ಇದನ್ನ ತೆಗೆದು ಬರೀ ಅಕ್ಷರದ ಮೆನು ಹಾಕ್ತೀನಿ," ಅಂದಳು ಯಶೋಧಾ.

"ಗಡಿಯಾರಾನೂ ತೆಗೀತೀಯಾ? ಜನ ಬಂದು ನೋಡೋದೇ ಅದನ್ನ!"

"ನೋಡ್ತಾರೆ. ಕಲಿಯೋದು ಎಂತದು?"

ಪದ್ಮಣ್ಣ ಗೋಡೆಯಿಂದ ಗೋಡೆಗೆ ನಡೆಯತೊಡಗಿದ.

"ನೆಲ ಸವೀತದೆ ಮಾರಾಯ, ಕೂತ್ಕೊ," ಅಂದೆ ನಾನು.

"ಎಲ್ಲಿ ಕೂರ್ಲಿ? ಅಮ್ಮ ಕುರ್ಚಿ ದಾನ ಮಾಡಿದ್ರಲ್ಲ!"

ಅಡುಗೆಮನೆಯಿಂದ ಜಿನಮ್ಮನ ದನಿ ಬಂತು: "ಪತ್ರ ಒಳಗೆ ಬರ್ಬೇಕಾದ್ರೆ ಗಡಿಯಾರ ಹೊರಗೆ ಹೋಗ್ಲಿ ಬಿಡೋ. ಹೊತ್ತು ನೋಡಕ್ಕೆ ಆಕಾಶ ಇಲ್ವಾ?"

ಪದ್ಮಣ್ಣ ಕಿಟಕಿಯಾಚೆ ನೋಡಿದ. ಬಿಸಿಲು ಎದುರುಮನೆಯ ಹೆಂಚಿಗೇರಿತ್ತು. ಅವನು ಆ ಕಡೆ ತಿರುಗಿದ್ದನ್ನೇ ಒಪ್ಪಿಗೆ ಎಂದುಕೊಂಡು ಯಶೋಧಾ ಹೊಸ ಫ್ಲಾಪಿ ತೂರಿಸಿ, ಮೆನುವನ್ನೂ ಪತ್ರದ ಪ್ರೋಗ್ರಾಮನ್ನೂ ಅದಕ್ಕೆ ಇಳಿಸತೊಡಗಿದಳು. ಯಂತ್ರ ಕರ್ರ್ ಕರ್ರ್ ಎಂದಿತು. ಅಷ್ಟರಲ್ಲಿ ದೀಪ ಮಂಕಾಯಿತು. ಲಿಂಗನಮಕ್ಕಿ ಅಣೆಕಟ್ಟು ನಮ್ಮ ಮಗ್ಗುಲಲ್ಲೇ ಇದ್ದರೂ ನಮ್ಮ ಕರೆಂಟು ಊರೆಲ್ಲ ನೆಂಟರ ಮನೆ ಸುತ್ತಿ ಸುಸ್ತಾಗಿಯೇ ಬರುತ್ತಿತ್ತು. ಈಗ ಹೋದರೆ ಮೊದಲಿಂದ ಶುರು. ಪದ್ಮಣ್ಣ ಓಡಿದ, ಫ್ಯಾನು, ಅಡುಗೆಮನೆಯ ಬಲ್ಬು, ಪಕ್ಕದ ಮನೆಯ ವೇದಾವತಮ್ಮನ ಮಿಕ್ಸಿ, ಎಲ್ಲವನ್ನೂ ಆರಿಸಿ ಬಂದ.

"ನನ್ನ ಚಟ್ನಿ!" ಎಂದು ಆಕೆ ಕೂಗುವುದಕ್ಕೂ ದೀಪ ಬೆಳಗುವುದಕ್ಕೂ ಸರಿಹೋಯಿತು.

ಯಶೋಧಾ ಯಂತ್ರ ಆರಿಸಿ ಮತ್ತೆ ಹಾಕಿದಳು. ಕಪ್ಪು ಪರದೆಯ ಮೇಲೆ ಐದೇ ಸಾಲು. ಒಂದು ಗುಂಡಿ ಒತ್ತಿದಳು. ನಾನು ನಸ್ಯ ಏರಿಸಿ ಸೀನುವಷ್ಟರಲ್ಲಿ ಪತ್ರದ ಹಾಳೆ ತೆರೆದಿತ್ತು.

"ಪತ್ರ ನೀನೇ ಟೈಪ್ ಮಾಡು ಅಪ್ಪಯ್ಯ," ಎಂದು ಸ್ಟೂಲು ಬಿಟ್ಟುಕೊಟ್ಟಳು.

ಪದ್ಮಣ್ಣ ಕೂತ. ಸಾಲು ಮುಗಿದಾಗಲೆಲ್ಲ ಟೈಪ್‌ರೈಟರಿನ ಲಿವರ್ ತಳ್ಳಲು ಅವನ ಎಡಗೈ ತಾನಾಗಿ ಹಾರುತ್ತಿತ್ತು. ಮೂರನೇ ಸಾಲಿಗೆ ಆ ಕೈ ತಗುಲಿ ನನ್ನ ನಸ್ಯದ ಡಬ್ಬಿ ಕಿಟಕಿಯಾಚೆ ಬೀದಿಗೆ ಬಿತ್ತು.

"ಪದ್ಮಾ, ಎಲೆ ಹಾಕಿದೀನಿ, ಸೂರ್ಯ ಹೋಗ್ತಾನೆ ಕಣೋ!"

"ಬಂದೆ ಅಮ್ಮ, ಇನ್ನೊಂದು ಸಾಲು."

ಸೂರ್ಯ ಕಾಯಲಿಲ್ಲ. ಜನ್ಮದಲ್ಲಿ ಮೊದಲ ಸಲ ಪದ್ಮಣ್ಣ ಊಟ ತಪ್ಪಿಸಿಕೊಂಡ. ಅವನು ಟೈಪ್ ಮಾಡಿದ ಪತ್ರ, ಕಂಪ್ಯೂಟರ್ ಮಾರಿದವನಿಗೆ: ಯಂತ್ರ ಇಲ್ಲೇ ಇರುತ್ತದೆ, ನಿಮ್ಮ ಗಡಿಯಾರ ಮಾತ್ರ ವಾಪಸ್.

ಮರುದಿನ ಮೊದಲ ಬಸ್ಸಿಗೆ ಆ ಚಿತ್ರದ ಫ್ಲಾಪಿ ಹಿಡಿದು ಹೊರಟವನು ನಾನು. ದಾರಿಯಲ್ಲಿ ಪದ್ಮಣ್ಣ ಎದುರಾದ. ದಾನ ಕೊಟ್ಟ ಕುರ್ಚಿ ಯಾರ ಮನೆಯಲ್ಲಿದೆಯೆಂದು ಬೀದಿಬೀದಿ ವಿಚಾರಿಸುತ್ತಿದ್ದ.