ಮುಕುಂದನ ಹೆಸರಿನ ಕಪ್ಪೆ

ದೆಹಲಿಗೆ ಬಂದರೆ ನಾನು ಇಳಿದುಕೊಳ್ಳುವುದು ಕಿದ್ವಾಯಿ ನಗರದ ಗೆಳತಿ ಶಾರದೆಯ ಮನೆಯಲ್ಲಿ. ಇವತ್ತು ಅವಳು ನನ್ನನ್ನು ಆಟೋ ಹತ್ತಿಸಿ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಕರೆತಂದಳು, ಒಂದು ಕಪ್ಪೆಯನ್ನು ನೋಡಲು.

ಬೆಟ್ಟದ ಕಾಡಿನಲ್ಲಿ ಅದರ ಕೂಗು ಕೇಳಿ, ಇದು ಹೊಸ ಜಾತಿ ಎಂದು ಮೊದಲು ಗುರುತಿಸಿದವನು ಅವಳ ಮಗ ಮುಕುಂದ. ಹೋದ ಮಳೆಗಾಲ ಅದೇ ಕಾಡಿನ ಹಳ್ಳದಲ್ಲಿ ಜಾರಿಬಿದ್ದು ತೀರಿಕೊಂಡ.

"ಮನೇಲಿ ಹಲ್ಲಿ ಕಂಡ್ರೆ ಕುರ್ಚಿ ಹತ್ತೋನು ಕಣೇ ಅವನು," ಎಂದಳು ದಾರಿಯಲ್ಲಿ.

ಹೊಸ ಜಾತಿಗೆ ಅದನ್ನು ಕಂಡುಹಿಡಿದವರು ತಮ್ಮ ಹೆಸರನ್ನು ತಾವೇ ಇಡುವ ಪದ್ಧತಿ ಇಲ್ಲವಂತೆ, ಜೊತೆಯವರು ಇಡಬಹುದಂತೆ. ಜೊತೆಯಲ್ಲಿ ಸಂಶೋಧನೆ ಮಾಡುತ್ತಿದ್ದ ತುಮಕೂರಿನ ನಜ್ಮಾ ಮುಕುಂದನ ಹೆಸರಿಟ್ಟಿದ್ದಾಳೆ.

ನಜ್ಮಾ ಗಾಜಿನ ಜಾಡಿಯೊಂದನ್ನು ತಂದಿಟ್ಟಳು. ಒಳಗೆ ಹೆಬ್ಬೆರಳಿನಷ್ಟು ಕಪ್ಪೆ, ಬೂದಿಯ ಬಣ್ಣದ್ದು.

"ಚಿಗುರೆಲೆ ಹಸಿರು ಅಂದಿದ್ದನಲ್ಲಮ್ಮ ಫೋನಲ್ಲಿ?" ಎಂದಳು ಶಾರದೆ.

"ಜೀವ ಇದ್ದಾಗ ಹಸಿರೇ ಆಂಟಿ. ಸ್ಪಿರಿಟ್‌ನಲ್ಲಿ ಬಣ್ಣ ಉಳಿಯಲ್ಲ. ಅದಕ್ಕೇ ಬದುಕಿದ್ದಾಗಿನ ಬಣ್ಣ ಬೇರೆ, ಆಮೇಲಿನ ಬಣ್ಣ ಬೇರೆ ಅಂತ ಎರಡು ಸಲ ಬರೀತೀವಿ. ಮೊದಲನೇದು ಮುಕುಂದನೇ ಬರೆದಿದ್ದ. ಎರಡನೇದು ನಾನು ಬರೆದೆ."

ಶಾರದೆ ಬಹಳ ಹೊತ್ತು ನೋಡಿದಳು.

"ಇದಕ್ಕೆ ಕಿವಿ ಎಲ್ಲಿ?"

"ಕಣ್ಣಿನ ಹಿಂದೆ ಬಿಲ್ಲೆ ಥರ ಕಾಣುತ್ತಲ್ಲ ಆಂಟಿ, ಅದೇ."

ತೊಟ್ಟಿಲಿನ ಕೂಸಿಗೆ ಹೆಸರಿಡುವ ದಿನ ಬಗ್ಗುವ ಹಾಗೆಯೇ ಶಾರದೆ ಬಗ್ಗಿದಳು. ಅಂಗೈಯನ್ನು ಬಾಯಿಗೆ ಮರೆ ಮಾಡಿ, ಗಾಜಿನ ಹತ್ತಿರ ತುಟಿ ತಂದಳು.

ನಜ್ಮಾ ಸದ್ದಾಗದಂತೆ ಎದ್ದುಹೋಗಿ, ಗೋಡೆಯ ಮೇಲೆ ಗುರ್ ಎನ್ನುತ್ತಿದ್ದ ಫ್ಯಾನ್ ಆರಿಸಿದಳು.