‘ಆರಾಮ ಅದೀನಿ’ ಅನ್ನುವ ಬಾಯಿ

ಇವತ್ತು ಬೆಳಿಗ್ಗೆ ನಿಮ್ಮ ಅವ್ವ ಶಾಂತಾ ಹಂಚಿನ ಮೇಲೆ ಒಣಮೆಣಸಿನಕಾಯಿ ಹುರಿಯುವಾಗ ಘಾಟು ನಡುಮನೆಯವರೆಗೂ ಬಂತು. ನೀವಿಬ್ಬರೂ ಕೆಮ್ಮುತ್ತ ಹೊರಗೆ ಓಡಿದಿರಿ. ನಾನು ಕೂತಲ್ಲೇ ಕೂತು ಮೂಗಿನ ತುಂಬ ಆ ವಾಸನೆ ಎಳೆದುಕೊಂಡೆ. ನಿಮಗೆ ನಗು ಬಂತು. ಆದರೆ ಮಕ್ಕಳೇ, ಒಂದು ಕಾಲದಲ್ಲಿ ಆ ಘಾಟಿಗೇ ನನ್ನ ಬಾಯಿ ಉರಿಯುತ್ತದೆಂದು ನಿಮ್ಮ ಅವ್ವ ಪಕ್ಕದ ಮನೆಗೆ ಹೋಗಿ ಮೆಣಸಿನಕಾಯಿ ಹುರಿದು ತರುತ್ತಿದ್ದಳು. ಆಗ ನೀವಿನ್ನೂ ಸಣ್ಣವರು. ನಾನು ಸೆರಗಿನ ಮರೆಯಲ್ಲಿ ಯಾಕೆ ಮಾತಾಡುತ್ತೇನೆಂದು ಕೇಳುತ್ತಿದ್ದಿರಿ. ಅದನ್ನು ಎದುರಿಗೆ ಕೂತು ಹೇಳಲು ನನಗೆ ಈಗಲೂ ನಾಚಿಕೆ. ಬರೆದರೆ ಹೇಗೋ ಆದೀತು.

ನನ್ನ ಬಾಯಿಯೊಳಗೆ ನೀರುಗುಳ್ಳೆ ಏಳುತ್ತಿದ್ದವು, ಒಡೆದು ಹುಣ್ಣಾಗುತ್ತಿದ್ದವು. ಒಂದು ಮಾಯುವಷ್ಟರಲ್ಲಿ ಇನ್ನೊಂದು. ಎಲೆಗೆ ಸುಣ್ಣ ಹೆಚ್ಚಾಗಿದೆ ಎಂದರು ಓಣಿಯವರು, ಮೈಗೆ ಉಷ್ಣ ಏರಿದೆ ಎಂದರು, ಹೇಮಗುಡ್ಡದ ದುರ್ಗಮ್ಮನಿಗೆ ಹರಕೆ ಹೊರು ಎಂದರು. ನಾನು ಎಲ್ಲವನ್ನೂ ಮಾಡಿದೆ. ಎಲೆ ಅಡಿಕೆ ಬಿಡುವುದೊಂದೇ ಕಷ್ಟವಾಯಿತು. ನಿಮಗೆ ಅಂಟೀತೆಂದು ಹೆದರಿ ನನ್ನ ಲೋಟ ಬೇರೆ ಇಟ್ಟುಕೊಂಡೆ.

ಕಡೆಗೆ ಶಾಂತಾ ಹಟ ಹಿಡಿದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು. ವೈದ್ಯರು ಪೆಂಫಿಗಸ್ ಎಂದು ಹೇಳಿ ಗುಳಿಗೆ ಬರೆದುಕೊಟ್ಟರು. ಆ ಹೆಸರು ಹೇಳಲು ನನಗೆ ನಾಲಿಗೆ ಹೊರಳಲಿಲ್ಲ. ಅಲ್ಲಿ ಈ ರೋಗದ ಸಂಶೋಧನೆಗೆಂದೇ ಒಂದು ಕೋಣೆ ಇತ್ತು. ಯಲಬುರ್ಗಾ ಕಡೆಯ ರೇಣುಕಾ ಎಂಬ ಹುಡುಗಿ ಅಲ್ಲಿ ಕೆಲಸಕ್ಕಿದ್ದಳು.

“ಮನಿ ಕಾಯೂ ನಾಯಿ ಮನಿಯವ್ರನ್ನ ಕಡದಂಗ್ರಿ ಅಮ್ಮಾರ,” ಎಂದು ತಿಳಿಸಿದಳು. “ಮೈಯಾಗಿನ ಕಾವಲು ನಿಮ್ಮ ಬಾಯೀನ ಹೊರಗಿಂದು ಅಂತ ತಿಳದೈತಿ. ಯಾರಿಗೂ ಅಂಟೂದಿಲ್ರಿ. ಮೊಮ್ಮಕ್ಕಳ ಕೂಡ ಒಂದ ಲೋಟದಾಗ ನೀರು ಕುಡೀರಿ.”

ಆ ಮಾತಿಗೇ ಅರ್ಧ ಗುಣವಾದಂತಾಯಿತು. ಇಂಥ ರೋಗದವರು ಸಿಗುವುದೇ ಕಡಿಮೆ, ನೀವೂ ಸಂಶೋಧನೆಗೆ ಸೇರುತ್ತೀರಾ, ರಕ್ತ ಕೊಡಬೇಕು, ಬಾಯೊಳಗಿನ ಫೋಟೋ ತೆಗೆಸಬೇಕು, ತಿಂಗಳಿಗೊಮ್ಮೆ ನಾನು ಫೋನ್ ಮಾಡುತ್ತೇನೆ ಎಂದಳು.

“ಮದಿವಿ ಫೋಟೋದಾಗೂ ನಾ ಬಾಯಿ ತೆರದಿಲ್ಲವಾ,” ಎಂದೆ.

“ಇದ್ರಾಗ ಮಾರಿ ಕಾಣೂದಿಲ್ರಿ. ಬರೇ ಬಾಯಿ,” ಎಂದು ನಕ್ಕಳು. ಒಪ್ಪಿದೆ.

ರಕ್ತ ಕೊಡುವುದು, ಫೋಟೋಕ್ಕೆ ಬಾಯಿ ತೆರೆಯುವುದು ಎರಡೂ ಸಲೀಸಾಗಿ ಆದವು. ತೊಡಕಾದದ್ದು ಫೋನು. “ಹೆಂಗ ಅದೀರ್ರಿ ಅಮ್ಮಾರ?” ಎಂದು ರೇಣುಕಾ ಕೇಳುತ್ತಿದ್ದಳು. “ಆರಾಮ ಅದೀನವಾ,” ಎಂದು ನಾನು ಹೇಳುತ್ತಿದ್ದೆ. ಹಾಗೆ ಕೇಳಿದರೆ ಹಾಗೆಯೇ ಹೇಳಬೇಕಲ್ಲವೇ? ಅನ್ನ ಉಣ್ಣುವ ಮರಳಿ ಎಂಬ ಊರಿನಿಂದ ನಾನು ರೊಟ್ಟಿ ತಿನ್ನುವ ಕುಷ್ಟಗಿ ಕಡೆಯ ಮನೆಗೆ ಸೊಸೆಯಾಗಿ ಬಂದವಳು. ಹೊಸದರಲ್ಲಿ ನನ್ನ ರೊಟ್ಟಿ ನೋಡಿ ಅತ್ತೆಯವರು, “ಇದೇನವಾ, ಯಾವ ದೇಶದ ನಕಾಶೆ?” ಎಂದು ಎಲ್ಲರೆದುರು ಕೇಳಿದ್ದರು. ಆ ವಾರವೇ ಅಪ್ಪ ನೋಡಲು ಬಂದ. “ಹೆಂಗ ಅದೀ ಮಗಳ?” ಎಂದ. ಅಂಗಳದಲ್ಲಿ ಅತ್ತೆ ನಿಂತಿದ್ದರು. “ಆರಾಮ ಅದೀನಪ್ಪಾ,” ಎಂದೆ. ಅಲ್ಲಿಂದ ಬಾಯಿಗೆ ಅದೇ ರೂಢಿಯಾಯಿತು. ನಿಮ್ಮ ಅಜ್ಜನೂ ಹಾಗೆಯೇ. ಹಾಸಿಗೆ ಹಿಡಿದಾಗ ನೋಡಲು ಬಂದವರಿಗೆಲ್ಲ ಆರಾಮ ಎಂದೇ ಹೇಳಿ ಚಹಾ ಕುಡಿಸಿ ಕಳಿಸಿದರು.

ನನ್ನ ಮಾತು ನಂಬಿ ವೈದ್ಯರು ಗುಳಿಗೆ ಇಳಿಸುತ್ತ ಬಂದರು. ಹುಣ್ಣು ಮತ್ತೆ ಏರಿದವು. ನೀರು ಕುಡಿದರೂ ಉರಿ. ಹೀಗಿರುವಾಗ ಒಂದು ದಿನ ರೇಣುಕಾಳ ಫೋನು ಬಂತು. ನಾನು ಆರಾಮ ಎನ್ನುವುದಕ್ಕೂ ಶಾಂತಾ ಒಲೆಯ ಮುಂದಿನಿಂದ ಕೂಗುವುದಕ್ಕೂ ಸರಿಹೋಯಿತು.

“ಏನ ಆರಾಮ್ರಿ ಅತ್ತಿ? ಮೂರು ದಿನಾ ಆತು ಬರೇ ಗಂಜಿ ಕುಡ್ಯಾಕತ್ತೀರಿ. ಅದೂ ಅಳಕೋತ!”

ಅದು ಫೋನಿನಲ್ಲಿ ರೇಣುಕಾಳಿಗೂ ಕೇಳಿಸಿತು. ಮೆಲ್ಲಗೆ ಹೇಳಿದಳು: “ಅಮ್ಮಾರ, ನೀವು ಆರಾಮ ಅಂದ್ರ ಗುಳಿಗಿ ಕಡಿಮಿ ಮಾಡಿದ್ರೂ ನಡೀತೈತಿ ಅಂತ ನಾವು ಬರಕೊಂತೀವ್ರಿ. ನಾಳೆ ನಿಮ್ಮಂಥಾ ಇನ್ನೊಬ್ಬಾಕಿ ಬರ್ತಾಳ. ನಿಮ್ಮ ಮಾತು ನಂಬಿ ಆಕಿಗೂ ಕಡಿಮಿ ಕೊಟ್ರ ಹೆಂಗ್ರಿ?”

ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ನೋವು ನನ್ನದು, ಮುಚ್ಚಿಟ್ಟರೂ ನನ್ನದು ಎಂದುಕೊಂಡಿದ್ದೆ. ನನ್ನ ಮರ್ಯಾದೆಯ ಮಾತು ಹೋಗಿ, ನಾನು ಕಂಡೇ ಇರದ ಯಾವಳೋ ಹೆಂಗಸಿನ ಬಾಯಿ ಸುಡುತ್ತದೆಂದು ಯಾರಿಗೆ ಗೊತ್ತು? ಸೆರಗು ಸರಿಸಿ, ಎಲ್ಲೆಲ್ಲಿ ಹುಣ್ಣಿವೆ, ಯಾವುದು ನುಂಗಲು ಆಗುವುದಿಲ್ಲ, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಅತ್ತೂ ಬಿಟ್ಟೆ. ಮರುದಿನವೇ ಶಾಂತಾ ಆಸ್ಪತ್ರೆಗೆ ಕರೆದೊಯ್ದಳು. ಗುಳಿಗೆ ಮತ್ತೆ ಏರಿಸಿದರು. ಮಾಯಲು ತಿಂಗಳುಗಳೇ ಹಿಡಿದವು, ಆದರೆ ಮಾಯಿದವು. ರೋಗ ಪೂರ್ತಿ ಹೋಗಿಲ್ಲ, ಸುಮ್ಮನೆ ಮಲಗಿದೆ. ಅಷ್ಟೇ ಸಾಕು. ಬಿಸಿ ರೊಟ್ಟಿ ತಿನ್ನುತ್ತೇನೆ, ನಿಮ್ಮ ಅವ್ವ ನೋಡದಾಗ ಒಂದಿಷ್ಟು ಕೆಂಪು ಚಟ್ನಿಯನ್ನೂ.

ಇವತ್ತು ರೇಣುಕಾ ಫೋನ್ ಮಾಡುವ ದಿನ. ನೀವು ಶಾಲೆಗೆ ಹೋದ ಮೇಲೆ ಕಿಟಕಿಯ ಬೆಳಕಿಗೆ ಕನ್ನಡಿ ಹಿಡಿದು ದೊಡ್ಡದಾಗಿ ಬಾಯಿ ತೆರೆದು ನೋಡಿಕೊಂಡೆ. ಫೋನು ಬಂತು.

“ಎಡಗಡೆ, ಕೆಳಗಿನ ತುಟಿ ಒಳಗ, ಸಾಸಿವಿಯಷ್ಟು ಕೆಂಪಗ ಎದ್ದೈತಿ. ನಿನ್ನಿಯಿಂದ. ಉಪ್ಪು ತಾಕಿದ್ರ ಉರೀತೈತಿ,” ಎಂದೆ.

“ಅಮ್ಮಾರ, ನಾ ಇನ್ನೂ ಏನೂ ಕೇಳೇ ಇಲ್ಲಲ್ರಿ!” ಎಂದು ನಕ್ಕಳು.

“ನೀ ಕೇಳಿದ್ರ ಆರಾಮ ಅಂದಬಿಡ್ತೀನವಾ. ಮೊದ್ಲ ಬರಕೋ,” ಎಂದೆ.