ಬೆನ್ನ ಹಿಂದಿನ ಬೆಲ್ಟು

ನಂಜುಂಡಪ್ಪನವರು ಸೀಟ್ ಬೆಲ್ಟನ್ನು ಬೆನ್ನ ಹಿಂದೆ ಹಾಕಿಕೊಳ್ಳುತ್ತಿದ್ದರು. ಹಾಕಿಕೊಳ್ಳುತ್ತಿದ್ದರು ಅನ್ನುವುದೂ ತಪ್ಪೇ. ಕಾರು ಮನೆಗೆ ಬಂದ ದಿನ ಬೆಲ್ಟನ್ನು ಖಾಲಿ ಸೀಟಿಗೆ ಬಳಸಿ ಕೊಕ್ಕೆಗೆ ಸಿಕ್ಕಿಸಿದರಂತೆ, ಮುಗೀತು. ಆಮೇಲೆ ಪ್ರತಿದಿನ ಅದರ ಮೇಲೆ ಬೆನ್ನಾನಿಸಿ ಕೂರುವುದು, ಹಣೆಯ ವಿಭೂತಿಯನ್ನು ಕನ್ನಡಿಯಲ್ಲೊಮ್ಮೆ ನೋಡಿಕೊಳ್ಳುವುದು, ಹೊರಡುವುದು. ಬೆಲ್ಟು ಹಾಕಿದ್ದಾರೆ ಅಂತ ನಂಬಿ ಕಾರು ಬಾಯಿಮುಚ್ಚಿಕೊಂಡಿರುತ್ತಿತ್ತು.

ನನ್ನ ಆಫೀಸು ಮೇಟಗಳ್ಳಿಯಲ್ಲಿ, ಮನೆ ಗೋಕುಲಂನಲ್ಲಿ. ತಿಂಗಳ ಬಾಡಿಗೆಗೆ ತಮ್ಮ ಕಾರಿನಲ್ಲಿ ಬೆಳಿಗ್ಗೆ ಕರೆದುಕೊಂಡು ಹೋಗಿ ಸಂಜೆ ತಂದುಬಿಡುತ್ತಿದ್ದವರು ಇವರು. ಮೊದಲ ದಿನ ಮುಂದಿನ ಸೀಟಿನಲ್ಲಿ ಕೂತು ನಾನು ಬೆಲ್ಟ್ ಎಳೆದುಕೊಂಡೆ. ಅವರು ಕಾರನ್ನೇ ಸ್ಟಾರ್ಟ್ ಮಾಡಲಿಲ್ಲ.

"ಯಾಕಮ್ಮ, ನನ್ ಮೇಲೆ ನಂಬಿಕೆ ಇಲ್ವಾ?"

"ನಂಬಿಕೆಗೂ ಇದಕ್ಕೂ ಏನ್ರೀ ಸಂಬಂಧ?"

"ಊಟಕ್ಕೆ ಕೂತೋರು ಎಲೇನ ಮೂಸಿ ನೋಡಿದ್ರೆ ಅಡುಗೆ ಮಾಡಿದೋಳಿಗೆ ಎಂಗಾಗ್ತದೆ? ಅಂಗೇ ಕಣಮ್ಮ ಇದೂ."

ನಾನು ಬಿಚ್ಚಲಿಲ್ಲ. ಅವತ್ತು ಮೇಟಗಳ್ಳಿಯವರೆಗೂ ಮನುಷ್ಯ ಮುಖ ಊದಿಸಿಕೊಂಡೇ ಓಡಿಸಿದರು. ಮಾರನೆಯ ದಿನದಿಂದ ಕ್ಷಮಿಸಿದರು. ಆದರೂ ನಾನು ಬೆಲ್ಟ್ ಎಳೆದಾಗಲೆಲ್ಲ ಕಿಟಕಿಯಾಚೆ ನೋಡುತ್ತಿದ್ದರು, ಪರರ ಮನೆಯ ಜಗಳ ಕಂಡವರ ಹಾಗೆ.

ಡ್ರೈವಿಂಗ್ ಮಾತ್ರ, ಸುಳ್ಳು ಯಾಕೆ ಹೇಳಲಿ, ಬೆಣ್ಣೆ. ಬೆಲ್ಟ್ ಹಾಕದಿದ್ದರೆ ಬಡಿದುಕೊಳ್ಳುವ ಆ ಅಲಾರಂ ಕಂಡರೆ ಅವರಿಗೆ ಮೈಯೆಲ್ಲ ಉರಿ. "ಹುಟ್ಟಿದ್ ಮಗನ್ ಕೈಲೂ ಬುದ್ಧಿ ಹೇಳಿಸ್ಕೊಂಡೋನಲ್ಲ ನಾನು, ತಗಡಿನ್ ಕೈಲಿ ಹೇಳಿಸ್ಕೋಬೇಕಾ?" ಅನ್ನುತ್ತಿದ್ದರು. ಅವರಿಗೆ ಮಗನಿರಲಿಲ್ಲ, ರೂಪಾ ಎಂಬ ಒಬ್ಬಳೇ ಮಗಳು. ಮಾತಿನ ಭರಾಟೆಯಲ್ಲಿ ಅದೆಲ್ಲ ಲೆಕ್ಕಕ್ಕಿಲ್ಲ.

ಒಂದು ಆಯುಧಪೂಜೆಯ ಹಿಂದಿನ ದಿನ ದೇವರಾಜ ಮೊಹಲ್ಲಾಕ್ಕೆ ಹೂವು, ಬೂದುಗುಂಬಳಕಾಯಿ ತರಲು ಹೋಗಿದ್ದೆವು. ಹಿಂದಿನ ಸೀಟಿನಲ್ಲಿ ಹೂವಿನ ಬುಟ್ಟಿಗಳ ನಡುವೆ ನಾನು, ಮುಂದಿನ ಸೀಟಿನಲ್ಲಿ ಕುಂಬಳಕಾಯಿ. ಕಾಯಿ ಎಷ್ಟು ಭಾರವಿತ್ತೆಂದರೆ ಯಾರೋ ಕೂತಿದ್ದಾರೆಂದು ಕಾರು ಟಿಣ್ ಟಿಣ್ ಅಂತ ಬಡಿದುಕೊಳ್ಳತೊಡಗಿತು. ನಂಜುಂಡಪ್ಪನವರು ಸಹಿಸುವಷ್ಟು ಸಹಿಸಿದರು. ಕೊನೆಗೆ ರಸ್ತೆ ಬದಿಗೆ ನಿಲ್ಲಿಸಿ, ಕಾಯಿಗೆ ಬೆಲ್ಟ್ ಕಟ್ಟಿದರು.

"ಅಲ್ರೀ, ನಾಳೆ ಒಡೆಯೋ ಕಾಯಿಗೆ ಬೆಲ್ಟು, ನಿಮಗಿಲ್ವಾ?" ಅಂದೆ.

"ಕಾಯಿಗೇನ್ ಮಾನ ಮರ್ಯಾದೆ ಅದೆಯಾ? ಬುಡಿ ಅತ್ಲಾಗೆ" ಅಂದರು. ನನಗೆ ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯಿತು. ಅವರು ನಗಲಿಲ್ಲ.

ರೂಪಾ ನರ್ಸು. ಅಪಘಾತದವರನ್ನು ಮಲಗಿಸುವ ವಾರ್ಡಿನಲ್ಲೇ ಅವಳ ಕೆಲಸ. ಅಪ್ಪನ ಹಾಗೆಯೇ ಹಠ. ಅವಳಿಗೆ ಹೆಣ್ಣುಮಗು ಹುಟ್ಟಿದಾಗ ನಂಜುಂಡಪ್ಪನವರಿಗೆ ಒಂದೇ ಧ್ಯಾನ: ಮೊಮ್ಮಗಳನ್ನು ತಮ್ಮ ಕಾರಿನಲ್ಲಿ ಕೂರಿಸಿಕೊಂಡು ಮನೆಗೆ ತರಬೇಕು. ಕಾರನ್ನು ಒಳಗೂ ಹೊರಗೂ ತೊಳೆದು, ಹಿಂದಿನ ಸೀಟಿಗೆ ಹೊಸ ಹತ್ತಿಯ ಬಟ್ಟೆ ಹಾಸಿದ್ದರು. ಮಗು ನೋಡಲು ಹೋದ ನಾನೂ ಆಸ್ಪತ್ರೆಯ ಬಾಗಿಲಲ್ಲಿದ್ದೆ.

ರೂಪಾ ತನ್ನ ಅಮ್ಮನ ಜೊತೆ ಮಗುವನ್ನು ಎತ್ತಿಕೊಂಡು ಬಂದಳು. ಹತ್ತಲಿಲ್ಲ.

"ಅಪ್ಪ, ಬೆಲ್ಟ್ ಹಾಕ್ಕೊಳ್ಳಿ. ಆಮೇಲೆ ಹತ್ತೀನಿ."

"ನನ್ ಹೊಟ್ಟೇಲಿ ಹುಟ್ಟಿದೋಳು ನೀನೂ ನನ್ನ ನಂಬಲ್ವಾ?"

"ನಿಮ್ಮಂಗೆ ಮಾತಾಡಿದೋರ್ ಮೂಗಿಗೆ ನಾನೇ ಪೈಪು ಹಾಕಿದೀನಿ. ನಿಮಗೆ ಹಾಕೋಕೆ ನನ್ ಕೈಲಾಗಲ್ಲ."

ನಂಜುಂಡಪ್ಪನವರು ಡ್ರೈವರ್ ಸೀಟಿನಿಂದಲೇ ಮಗುವಿನ ಮುಖ ನೋಡಿದರು. ಏನನ್ನಿಸಿತೋ, ಕೊಕ್ಕೆ ಬಿಚ್ಚಿ ಬೆಲ್ಟನ್ನು ಮುಂದಕ್ಕೆ ಎಳೆದರು. ಅದು ಹೊಟ್ಟೆಯ ಅರ್ಧಕ್ಕೆ ಬಂದು ನಿಂತುಬಿಟ್ಟಿತು. ವರ್ಷಗಟ್ಟಲೆ ಅಲುಗಾಡದೆ ಒಳಗಿನ ಸುರುಳಿ ಜಾಮ್ ಆಗಿತ್ತು. ಎಷ್ಟು ಜಗ್ಗಿದರೂ ಇನ್ನು ಗೇಣುದ್ದವೂ ಬರಲಿಲ್ಲ.

"ಬರ್ತಿಲ್ಲ ಕಣವ್ವ."

"ನಾಟಕ ಬೇಡಪ್ಪ" ಅಂದವಳೇ, ರೂಪಾ ಅಮ್ಮನನ್ನು ಕರೆದುಕೊಂಡು ಎದುರಿಗಿದ್ದ ಆಟೋ ಹತ್ತಿದಳು. ಆಟೋದಲ್ಲಿ ಯಾವ ಬೆಲ್ಟಿದೆ ಎಂದು ಕೇಳುವ ಧೈರ್ಯ ನನಗೂ ಬರಲಿಲ್ಲ. ಅದು ನ್ಯಾಯದ ಹೊತ್ತಲ್ಲ, ಹಠದ ಹೊತ್ತು.

ನಾನು ಕಾರು ಹತ್ತಿದೆ. ಆಟೋ ಮುಂದೆ, ಖಾಲಿ ಹಿಂದಿನ ಸೀಟು ಹೊತ್ತ ನಾವು ಹಿಂದೆ. ಅಲಾರಂ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಬೆಲ್ಟನ್ನು ಮತ್ತೆ ಬೆನ್ನ ಹಿಂದೆ ಸಿಕ್ಕಿಸಿದ್ದರೆ ನಿಲ್ಲುತ್ತಿತ್ತು. ಅವರು ಸಿಕ್ಕಿಸಲಿಲ್ಲ. ಆಟೋವನ್ನು ಒಮ್ಮೆಯೂ ಹಿಂದೆ ಹಾಕದೆ, ಒಂದು ಹಾರ್ನೂ ಮಾಡದೆ ಮನೆಯವರೆಗೆ ಓಡಿಸಿದರು. ಅವರ ಕಣ್ಣು ತುಂಬಿತ್ತು. ನನಗೆ ಆ ಮನುಷ್ಯನ ಮೇಲೆ ಸಿಟ್ಟೂ ಬಂತು, ಅಯ್ಯೋ ಪಾಪ ಅಂತಲೂ ಅನ್ನಿಸಿತು.

ಆಮೇಲಿನ ವಾರ ಅವರೇ ಗ್ಯಾರೇಜಿಗೆ ಹೋಗಿ ಹೊಸ ಬೆಲ್ಟ್ ಹಾಕಿಸಿದರು. ಅದಕ್ಕೆ ಸುತ್ತಿದ್ದ ಪ್ಲಾಸ್ಟಿಕ್ಕನ್ನೂ ತೆಗೆದಿರಲಿಲ್ಲ. ಶುಕ್ರವಾರ ಸಂಜೆ ನನ್ನನ್ನು ಮನೆಗೆ ಬಿಡುವಾಗ ಎಂದಿನಂತೆ ಬೆಲ್ಟಿಲ್ಲದೆಯೇ ಕೂತಿದ್ದರು; ಅಲಾರಂ ಬಡಿದುಕೊಳ್ಳುತ್ತಿತ್ತು. ಯಾಕ್ರೀ ಅಂತ ಕೇಳಿದೆ.

"ಮೊದಲ್ನೇ ಸಲ ಕೂಸಿಗೋಸ್ಕರ ಹಾಕ್ಕೋತೀನಿ ಕಣಮ್ಮ. ಸೂಜಿ ಹಾಕ್ಸೋಕೆ ಕರ್ಕೊಂಡ್ ಹೋಗ್ಬೇಕಲ್ಲ, ಅವತ್ತು. ಅಲ್ಲೀಗಂಟ ಬಡ್ಕೊಳ್ಳಿ ಬುಡಿ."

ಅದೇ ಅವರನ್ನು ನಾನು ಕೊನೆಯ ಬಾರಿ ಕಂಡದ್ದು. ಎರಡು ದಿನ ಬಿಟ್ಟು ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡೇ ಜಗುಲಿಯ ಮೇಲೆ ಕುಸಿದರಂತೆ. ಎದೆನೋವು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದರು.

ಮಣ್ಣು ಮಾಡಿ ಬಂದ ಮೇಲೆ ರೂಪಾ ಮಗುವನ್ನು ಮಡಿಲಲ್ಲಿಟ್ಟುಕೊಂಡು ನನ್ನ ಪಕ್ಕ ಕೂತಳು. "ಅಕ್ಕ, ಅವತ್ತೊಂದಿನ ನಾನು ಸುಮ್ನೆ ಹತ್ತಿಬುಡ್ಬೇಕಿತ್ತಾ?" ಅಂದಳು.

"ಇಲ್ಲ ಕಣಮ್ಮ, ನೀನು ಮಾಡಿದ್ದೇ ಸರಿ" ಅಂದೆ.

ಸರಿ ಅನ್ನುವುದು ಅವಳಿಗೂ ಗೊತ್ತಿತ್ತು. ಆದರೂ ಇಬ್ಬರೂ ಅತ್ತೆವು.